ಅಂಗೈಯಗಲದ ಆಟಗಾರರು

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುವ ಹವ್ಯಾಸ ನಮ್ಮ ಮಕ್ಕಳಿಗೆ ಹೊಸದಲ್ಲ. ಅಮೆರಿಕದ ಮಕ್ಕಳಲ್ಲಿ, ಅವರಿಗಿಂತ ಹೆಚ್ಚಾಗಿ ಅವರ ಅಪ್ಪಂದಿರಲ್ಲಿ, ಬೇರೂರಿರುವ ಇನ್ನೊಂದು ಹವ್ಯಾಸವಿದೆ. ಹೆಸರಾಂತ ಆಟಗಾರರ ಪುಟ್ಟ ಬೊಂಬೆಗಳನ್ನು ಜೋಡಿಸಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವುದೇ ಆ ಹವ್ಯಾಸ. ಕೈಕಾಲು ಆಡಿಸಬಹುದಾದ ಇಂಥ ಬೊಂಬೆಗೆ 'ಆ್ಯಕ್ಷನ್ ಫಿಗರ್' ಎಂದು ಹೆಸರು. 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ 'ಜಿ.ಐ. ಜೋ' ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಿತು. 'ಬೊಂಬೆ' ಎಂದರೆ ಗಂಡುಹುಡುಗರು ಮೂಗು ಮುರಿದಾರೆಂದು ಆಗ ಹುಟ್ಟಿಕೊಂಡ ಹೆಸರಿದು!

ಆಟಗಾರರ ಸರದಿ ಬಂದದ್ದು 1988ರಲ್ಲಿ. ಸಿನ್ಸಿನಾಟಿಯ ಕೆನ್ನರ್ ಕಂಪನಿ 'ಸ್ಟಾರ್ಟಿಂಗ್ ಲೈನಪ್' ಎಂಬ ಮಾಲಿಕೆಯನ್ನು ಹೊರತಂದಿತು. ಅದೇ ಊರಿನ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ್ದ ಪ್ಯಾಟ್ ಮೆಕಿನಲ್ಲಿ ಇದರ ರೂವಾರಿ. ಸುಮಾರು 10 ಸೆಂ.ಮೀ. ಎತ್ತರದ ಆಟಗಾರ, ಜೊತೆಗೊಂದು ಚಿತ್ರದ ಕಾರ್ಡು. 2001ರಲ್ಲಿ ನಿಂತುಹೋದ ಈ ಮಾಲಿಕೆ 2022ರಲ್ಲಿ ಮತ್ತೆ ತಲೆಯೆತ್ತಿತು.

ಜೋಡಣೆಯೊಳಗಿನ ಪಾಠ

ಪೊಟ್ಟಣ ಬಿಚ್ಚಿದರೆ ಬೊಂಬೆ, ಪೀಠ, ಬ್ಯಾಟು ಅಥವಾ ಹಾಕಿ ಕೋಲು ಬೇರೆಬೇರೆಯಾಗಿ ಸಿಗುವುದುಂಟು. ಪೀಠದ ಮೇಲಿನ ಗೂಟವನ್ನು ಅಂಗಾಲಿನ ರಂಧ್ರಕ್ಕೆ ಕೂರಿಸಬೇಕು. ರಂಧ್ರ ಬಿಗಿಯಾಗಿದ್ದರೆ ಬಲ ಹಾಕಬಾರದು, ಗೂಟ ಮುರಿದೀತು. ಪಾದವನ್ನು ಒಂದೆರಡು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಸಾಕು, ಪ್ಲಾಸ್ಟಿಕ್ ಮೆತ್ತಗಾಗಿ ಗೂಟ ಸಲೀಸಾಗಿ ಒಳಹೋಗುತ್ತದೆ.

ಪೊಟ್ಟಣದಲ್ಲಿ ಒತ್ತಿ ಸೊಟ್ಟಗಾದ ಬ್ಯಾಟಿಗೂ ಇದೇ ಮದ್ದು. ಬಿಸಿಯಲ್ಲಿ ನೇರಮಾಡಿ, ಹಾಗೆಯೇ ಹಿಡಿದು ತಣ್ಣೀರಿನಲ್ಲಿ ಮುಳುಗಿಸಿದರೆ ಬ್ಯಾಟು ನೆಟ್ಟಗೆ ಉಳಿಯುತ್ತದೆ. ಕಾರಣ ಸರಳ. ಈ ಬೊಂಬೆಗಳಲ್ಲಿ ಹೆಚ್ಚಾಗಿ ಬಳಸುವ ಪಿ.ವಿ.ಸಿ. ಉದ್ದುದ್ದ ಅಣುಸರಪಣಿಗಳ ರಾಶಿ. ಬಿಸಿಯಾದಾಗ ಸರಪಣಿಗಳು ಒಂದರ ಮೇಲೊಂದು ಜಾರಬಲ್ಲವು, ತಣಿದಾಗ ಇದ್ದಲ್ಲೇ ಬಿಗಿಯುತ್ತವೆ. ಬಿಸಿನೀರಿನ ಕೆಲಸಕ್ಕೆ ಮಾತ್ರ ದೊಡ್ಡವರು ಪಕ್ಕದಲ್ಲಿರಲಿ.

ಒಂಟಿ ಕಾಲಿನ ಮೇಲೆ ನಿಂತು ಚೆಂಡೆಸೆಯುವ ಬೇಸ್‌ಬಾಲ್ ಆಟಗಾರನನ್ನು ನಿಲ್ಲಿಸುವುದು ಇನ್ನೊಂದು ಪರೀಕ್ಷೆ. ಗುರುತ್ವಕೇಂದ್ರದಿಂದ ನೇರ ಕೆಳಕ್ಕೆಳೆದ ಗೆರೆ ಪೀಠದೊಳಗೆ ಬಿದ್ದರೆ ಬೊಂಬೆ ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಮುಂಚಾಚಿದ ಕೈಯನ್ನು ಕೊಂಚ ಹಿಂದಕ್ಕೆ ತಿರುಗಿಸಿ ನೋಡಿ, ಪಠ್ಯಪುಸ್ತಕದ ಚಿತ್ರ ಕಣ್ಣೆದುರೇ ಜೀವ ತಳೆಯುತ್ತದೆ.

ಅಳತೆಯಲ್ಲೂ ಸ್ವಾರಸ್ಯವಿದೆ. 6 ಅಡಿಯ ಆಟಗಾರನನ್ನು 6 ಅಂಗುಲಕ್ಕೆ ಇಳಿಸಿದರೆ ಎತ್ತರ 12ರಲ್ಲಿ ಒಂದು ಪಾಲು. ಆದರೆ ಗಾತ್ರ? 12x12x12, ಅಂದರೆ 1728ರಲ್ಲಿ ಒಂದು ಪಾಲು! ಕ್ರಿಕೆಟ್ ಬ್ಯಾಟಿನ ಗರಿಷ್ಠ ಉದ್ದ 38 ಅಂಗುಲ. ಹಾಗಾದರೆ ಇಂಥ ಬೊಂಬೆಯ ಕೈಯಲ್ಲಿರುವ ಬ್ಯಾಟು ಮೂರು ಅಂಗುಲಕ್ಕಿಂತ ತುಸು ಮಾತ್ರ ಉದ್ದವಿರಬಹುದು. ಸ್ಕೇಲು ಹಿಡಿದು ಅಳೆದರೆ ತಯಾರಕರ ನಿಷ್ಠೆ ತಿಳಿದೀತು.

ಕಪಾಟಿನ ಶತ್ರುಗಳು

ಬೊಂಬೆಯ ಮೊದಲ ವೈರಿ ಬಿಸಿಲು. ಅತಿನೇರಳೆ ಕಿರಣಗಳು ಬಣ್ಣವನ್ನು ಮಾಸಿಸುತ್ತವೆ, ಬಿಳಿಯ ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸುತ್ತವೆ. ಗಾಜಿನ ಬಾಗಿಲಿದೆಯೆಂದು ನೆಚ್ಚುವಂತಿಲ್ಲ. ಸಾಮಾನ್ಯ ಗಾಜು ಈ ಕಿರಣಗಳಲ್ಲಿ ಒಂದು ಭಾಗವನ್ನು ತಡೆದರೂ ಉಳಿದದ್ದು ಒಳಬರುತ್ತದೆ. ಕಿಟಕಿಗೆ ಎದುರಲ್ಲದ ಗೋಡೆಯೇ ಕ್ಷೇಮ.

ಎರಡನೆಯ ವೈರಿ ಸೆಕೆ. ಪಿ.ವಿ.ಸಿ.ಯನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಮೇಲಕ್ಕೆ ಜಿನುಗಿ ಬೊಂಬೆ ಜಿಗುಟಾಗುತ್ತದೆ. ಸೆಕೆಯಲ್ಲಿ ಕಾಲು ಮೆಲ್ಲಮೆಲ್ಲನೆ ಬಾಗುವುದೂ ಉಂಟು. ಗಾಳಿಯಾಡುವ ತಂಪು ಜಾಗ ಬೇಕು. ದೂಳಿಗೆ ಮೆತ್ತನೆಯ ಕುಂಚ ಸಾಕು. ಬಣ್ಣ ಕರಗಿಸುವ ಥಿನ್ನರ್ ಬೇಡ. ಜಿರಲೆಗೆಂದು ನ್ಯಾಫ್ತಲೀನ್ ಗುಳಿಗೆಯನ್ನೂ ಪಕ್ಕದಲ್ಲಿಡಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುವಾಗಿಸುತ್ತದೆ.

ಬಿಚ್ಚಬೇಕೇ, ಬಿಡಬೇಕೇ?

ಪೊಟ್ಟಣ ಬಿಚ್ಚದ ಬೊಂಬೆಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಇದನ್ನು ನಂಬಿ ಅಮೆರಿಕದಲ್ಲಿ ಅನೇಕರು ಬಿಚ್ಚದ ಪೊಟ್ಟಣಗಳನ್ನು ಅಟ್ಟಕ್ಕೇರಿಸಿದರು. ಆದರೆ ಎಲ್ಲರೂ ಕೂಡಿಟ್ಟ ವಸ್ತು ಅಪರೂಪವಾಗುವುದೆಂತು?

ಟಾಡ್ ಮೆಕ್‌ಫರ್ಲೇನ್ ಅವರ ಕಥೆಯನ್ನೇ ನೋಡಿ. 1998ರಲ್ಲಿ ಮಾರ್ಕ್ ಮೆಕ್‌ಗ್ವಾಯರ್ ತಮ್ಮ 70ನೆಯ ಹೋಮ್‌ರನ್ ಬಾರಿಸಿ ದಾಖಲೆ ಮಾಡಿದ ಚೆಂಡನ್ನು ಮೆಕ್‌ಫರ್ಲೇನ್ 1999ರಲ್ಲಿ ಸುಮಾರು 30 ಲಕ್ಷ ಡಾಲರ್‌ಗೆ ಕೊಂಡರು. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದು ಆ ದಾಖಲೆ ಮುರಿದರು, ಚೆಂಡಿನ ಬೆಲೆಯೂ ಇಳಿಯಿತು. ಮೆಕ್‌ಫರ್ಲೇನ್‌ರ ಬೊಂಬೆ ಕಂಪನಿಗೆ ಸಿಕ್ಕ ಪ್ರಚಾರವಾದರೂ ಉಳಿಯಿತು, ಅವರ ಆಟಗಾರ ಬೊಂಬೆಗಳು ಜನಪ್ರಿಯವಾದವು. ಆದರೆ ಸಂಬಳದ ದುಡ್ಡಿನಲ್ಲಿ ಬೊಂಬೆ ಕೊಡಿಸುವ ತಂದೆತಾಯಿಗೆ ಅಂಥ ಲಾಭವಿಲ್ಲ. ಆದ್ದರಿಂದ ಇದನ್ನು ಹೂಡಿಕೆಯೆಂದು ಬಗೆಯದಿರುವುದು ಲೇಸು.

ನಮ್ಮ ದಸರಾ ಬೊಂಬೆಗಳ ನಡುವೆ ಕ್ರಿಕೆಟ್ ತಂಡವೂ ಕಾಣಿಸಿಕೊಳ್ಳುವುದುಂಟು. ಹಬ್ಬ ಮುಗಿದೊಡನೆ ಅಜ್ಜಿಯರು ಅವನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲ ಪೆಟ್ಟಿಗೆಯಲ್ಲಿಡುತ್ತಾರೆ. ಬಿಸಿಲು, ದೂಳು ಎರಡರಿಂದಲೂ ರಕ್ಷಣೆ! ಆ ಶ್ರದ್ಧೆಯ ಜೊತೆಗೆ ಮಕ್ಕಳು ಒಂದು ನೋಟ್‌ಬುಕ್ ಇಟ್ಟು ಪ್ರತಿ ಆಟಗಾರನ ಊರು, ಆಡಿದ ವರ್ಷ, ಮಾಡಿದ ದಾಖಲೆಗಳನ್ನು ಬರೆದಿಟ್ಟರೆ, ಒಂದೇ ಬೊಂಬೆಯಿದ್ದರೂ ಅದು ಒಳ್ಳೆಯ ಸಂಗ್ರಹವೇ.