ಗಾಜಿನ ತೊಟ್ಟಿಯ ಅತಿಥಿ

ಪುಣೆಯ ಬೇಸಗೆ ಮನುಷ್ಯರಿಗೇ ಕಷ್ಟ. ಮೆಕ್ಸಿಕೋ ದೇಶದ ತಣ್ಣೀರಿನ ಜೀವಿಯ ಪಾಡೇನು? ಸದಾಶಿವ ಪೇಟೆಯ ಗುಮಾಸ್ತ ಮಿತ್ರರೊಬ್ಬರ ಮನೆಯಲ್ಲಿ ಮೊನ್ನೆ ಈ ಪ್ರಶ್ನೆ ನಮಗೆ ಎದುರಾಯಿತು. ಅವರ ಮಗನು ಸಾಕಿದ ಆಕ್ಸೊಲಾಟಲ್ ಮೂರು ದಿನಗಳಿಂದ ಆಹಾರ ಮುಟ್ಟಿರಲಿಲ್ಲ. ಕಿವಿರುಗಳಿಗೆ ಹತ್ತಿಯಂಥ ಬಿಳಿಯ ಬೂಷ್ಟು ಹಿಡಿದಿತ್ತು. ಹುಡುಗನಿಗೆ ಅನ್ನ ಸೇರುತ್ತಿರಲಿಲ್ಲ.

ಕಳೆದುಕೊಂಡ ಕಾಲನ್ನು ಮತ್ತೆ ಬೆಳೆಸಿಕೊಳ್ಳಬಲ್ಲ ಈ ಉಭಯಚರವು ಕೆಟ್ಟ ನೀರಿನೆದುರು ನಿಸ್ಸಹಾಯಕ. ಅದರ ತವರಾದ ಮೆಕ್ಸಿಕೋ ನಗರದ ಷೋಚಿಮಿಲ್ಕೋ ಕಾಲುವೆಗಳಲ್ಲಿ ಅದರ ಕುಲವು ಅಳಿವಿನಂಚಿಗೆ ಬಂದಿರುವುದಕ್ಕೆ ನೀರಿನ ಮಾಲಿನ್ಯವೂ ಒಂದು ಕಾರಣ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 24 ದಾಟಿದರೆ ಸಂಕಟ.

ಹುಡುಗನು ಶುಚಿಯೆಂದು ಬಗೆದು ದಿನವೂ ನೀರನ್ನೆಲ್ಲ ಚೆಲ್ಲಿ, ಶೋಧಕದ ಸ್ಪಂಜನ್ನು ನಲ್ಲಿಯಡಿ ತೊಳೆಯುತ್ತಿದ್ದನು. ತಪ್ಪು ಅಲ್ಲಿಯೇ ಇತ್ತು. ಕಶ್ಮಲದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಸ್ಪಂಜಿನ ಸೂಕ್ಷ್ಮಜೀವಿಗಳು ನೈಟ್ರೈಟಾಗಿ, ಬಳಿಕ ಸೌಮ್ಯವಾದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ನಲ್ಲಿಯ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ನಮ್ಮ ಹೋಟೆಲು ಬಂಧುಗಳು ಬಲ್ಲರು: ಹೆಪ್ಪನ್ನೇ ಚೆಲ್ಲಿದರೆ ಮೊಸರಾಗದು.

ಪಶುವೈದ್ಯರ ಸಲಹೆಯಂತೆ ರೋಗಿಯನ್ನು ಬೇರೆ ಪಾತ್ರೆಯಲ್ಲಿರಿಸಿ, ಕ್ಲೋರಿನ್ ನೀಗಿದ ತಣ್ಣೀರನ್ನು ನಿತ್ಯವೂ ಬದಲಿಸಿದರು. ಅವರು ಹೇಳಿದ ಅಳತೆಯಲ್ಲಿ ಉಪ್ಪುನೀರಿನ ಸ್ನಾನವನ್ನೂ ಮಾಡಿಸಿದರು. ಇತ್ತ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮತ್ತೆ ನೆಲೆಗೊಂಡು, ಪರೀಕ್ಷೆಯಲ್ಲಿ ಅಮೋನಿಯ ಸೊನ್ನೆಯಾಗುವವರೆಗೆ ವಾರಗಟ್ಟಲೆ ಕಾದರು. ಈಗ ವಾರಕ್ಕೊಮ್ಮೆ ಐದನೆಯ ಒಂದು ಪಾಲು ನೀರನ್ನು ಮಾತ್ರ ಬದಲಿಸುತ್ತಾರೆ. ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡುತ್ತಾರೆ.

ಮೊನ್ನೆ ಅತಿಥಿಯು ಎರೆಹುಳುವೊಂದನ್ನು ನುಂಗಿತು; ಹುಡುಗನೂ ಊಟಕ್ಕೆ ಕುಳಿತನು. ಪ್ರಾಣಿಯನ್ನು ಸಾಕಬಯಸುವವರು ಮೊದಲು ನೀರನ್ನು ಸಾಕಲು ಕಲಿಯಲಿ.