ನಿಮಗಿದು ಗೊತ್ತೆ? ಕಬ್ಬನ್ ನೋಡದ ಕಬ್ಬನ್ ಪಾರ್ಕ್

ಬೆಂಗಳೂರಿನ ನಟ್ಟನಡುವಿನ ಕಬ್ಬನ್ ಪಾರ್ಕನ್ನು ಸರ್ ಮಾರ್ಕ್ ಕಬ್ಬನ್ ಕಂಡೇ ಇರಲಿಲ್ಲ! 1834ರಿಂದ ಮೈಸೂರಿನ ಕಮಿಷನರ್ ಆಗಿದ್ದ ಅವರು 1861ರಲ್ಲಿ ಸ್ವದೇಶಕ್ಕೆ ಹೊರಟವರು ಊರು ಮುಟ್ಟಲಿಲ್ಲ. ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡರು. ಉದ್ಯಾನ ತಲೆ ಎತ್ತಿದ್ದು 1870ರಲ್ಲಿ. ರೂಪಿಸಿದವರು ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿಯೇ.

ಆಗ ಇಟ್ಟ ಹೆಸರೂ ಬೇರೆ. ಹಂಗಾಮಿ ಕಮಿಷನರ್ ಜಾನ್ ಮೀಡ್ ನೆನಪಿಗೆ ‘ಮೀಡ್ಸ್ ಪಾರ್ಕ್’ ಎಂದಿತ್ತು, ಕಬ್ಬನ್ ಹೆಸರು ಬಂದದ್ದು ಆಮೇಲೆ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅವರ ತಂದೆಯ ಹೆಸರಿನಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಕಡತದಲ್ಲಿ ಇಂದಿಗೂ ಅದೇ. ಆಟೊದವರಿಗೆ ಹಾಗೆ ಹೇಳಿ ನೋಡಿ, ‘ಮೈಸೂರು ಝೂಗಾ ಸಾರ್?’ ಎಂದಾರು, ಅಲ್ಲಿನದೂ ಚಾಮರಾಜೇಂದ್ರ ಮೃಗಾಲಯವೇ ತಾನೆ!

ನೋಡಹೋದವರು ಬಿದಿರು ಮೆಳೆಗಳ ಕಡೆ ಒಮ್ಮೆ ಹೆಜ್ಜೆ ಹಾಕಿ. ಗಾಳಿ ಬೀಸಿದರೆ ಗಳುಗಳು ಒಂದಕ್ಕೊಂದು ಉಜ್ಜಿ ಕಿರ್‍ರೆನ್ನುತ್ತವೆ. ಪ್ರೇಮಿಗಳು ಅವುಗಳ ಮೇಲೆ ಹೆಸರು ಕೆತ್ತುವ ಚಾಳಿ ಮಾತ್ರ ಇನ್ನೂ ಬಿಟ್ಟಿಲ್ಲ. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಬರೀ ಫೋಟೊಗಲ್ಲ, ಅದರೊಳಗಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಅಂಚಿನಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ಮಕ್ಕಳಿಗೆ ಬಾಲಭವನ.

ಕಾರು ಬೇಡ, ಮೆಟ್ರೊ ನಿಲ್ದಾಣ ಪಾರ್ಕಿನ ಹೆಸರಿನದೇ ಇದೆ. ಭಾನುವಾರ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಪ್ರವೇಶ ಉಚಿತ.