ಪಾರ್ಶ್ವವಾಯು ಪೀಡಿತ ವೃದ್ಧರ ಆಹಾರ

ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದು, ಅವರನ್ನು ತೋರಣಗಲ್ಲಿನ ಸಂಜೀವಿನಿ ಆಸ್ಪತ್ರೆಗೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಸೇರಿಸಿದೊಡನೆ ನಮ್ಮ ಕೈ ಮೊದಲು ಹೋಗುವುದು ನೀರಿನ ಕಡೆಗೆ. ಒಣಗಿದ ಬಾಯಿಗೆ ಒಂದು ಗುಟುಕು ನೀರೆರೆಯುವುದು ನಮ್ಮಲ್ಲಿ ಪ್ರೀತಿಯೂ ಹೌದು, ಧರ್ಮವೂ ಹೌದು. ಆದರೆ ಈ ರೋಗದಲ್ಲಿ ಆ ಗುಟುಕೇ ಪ್ರಾಣಾಪಾಯಕ್ಕೆ ಕಾರಣವಾಗಬಹುದೆಂಬುದನ್ನು ನಾವೆಲ್ಲರೂ ಅವಶ್ಯವಾಗಿ ತಿಳಿದಿರಬೇಕು.

ನುಂಗುವುದು ಸುಲಭವಾದ ಕಾರ್ಯವೆಂದು ನಾವು ಭಾವಿಸಿರುತ್ತೇವೆ. ವಾಸ್ತವವಾಗಿ ಅನ್ನದ ದಾರಿಯೂ ಉಸಿರಿನ ದಾರಿಯೂ ಗಂಟಲಿನಲ್ಲಿ ಒಂದನ್ನೊಂದು ಸಂಧಿಸುತ್ತವೆ. ತುತ್ತು ಇಳಿಯುವ ಕ್ಷಣದಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳಬೇಕು. ಅದಕ್ಕೆ ಅಪ್ಪಣೆ ಮಿದುಳಿನಿಂದ ಬರಬೇಕು. ಮಿದುಳಿಗೆ ಪೆಟ್ಟಾದಾಗ ಈ ಏರ್ಪಾಡು ಕೆಡುತ್ತದೆ. ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ಈ ತೊಂದರೆಯುಂಟು. ಆಗ ನೀರು, ಅನ್ನ, ಎಂಜಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯ ತಲೆದೋರಬಹುದು. ಕೆಲವರಿಗೆ ಕೆಮ್ಮು ಕೂಡ ಬಾರದು. ಆದುದರಿಂದ ಕೆಮ್ಮಲಿಲ್ಲವೆಂದು ಧೈರ್ಯಪಡತಕ್ಕದ್ದಲ್ಲ.

ಇದಕ್ಕಾಗಿಯೇ, ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬಾರದೆಂಬ ನಿಯಮವಿದೆ. ಎಚ್ಚರವಾಗಿರುವ ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಚಮಚದಿಂದ ಸ್ವಲ್ಪಸ್ವಲ್ಪವೇ ನೀರು ಕೊಟ್ಟು, ಕೆಮ್ಮನ್ನೂ ಧ್ವನಿಯ ಬದಲಾವಣೆಯನ್ನೂ ಬಲ್ಲವರು ಗಮನಿಸುತ್ತಾರೆ.

ಹಾಗೆಂದು ಉಪವಾಸವೂ ಔಷಧವಲ್ಲ. ವೃದ್ಧರ ದೇಹ ಬೇಗ ಸೊರಗುತ್ತದೆ. ನುಂಗಲಾರದವರಿಗೆ ಮೂಗಿನ ಮೂಲಕ ಜಠರಕ್ಕೆ ನಳಿಕೆಯಿಟ್ಟು ಆಹಾರ ಕೊಡುತ್ತಾರೆ. ೨೦೦೫ರಲ್ಲಿ ಪ್ರಕಟವಾದ ‘ಫುಡ್’ ಎಂಬ ಬಹುರಾಷ್ಟ್ರ ಪರೀಕ್ಷೆಯಲ್ಲಿ, ಬೇಗನೆ ನಳಿಕೆಯಿಂದ ಆಹಾರ ಪಡೆದವರಲ್ಲಿ ಮರಣ ತುಸು ಕಡಿಮೆಯಾದಂತೆ ಕಂಡಿತು. ಆದರೆ ಆ ಅಂತರ ನಿಸ್ಸಂದೇಹವೆನ್ನುವಷ್ಟಿರಲಿಲ್ಲ. ನಳಿಕೆಯನ್ನು ಕಂಡು ಎದೆಗುಂದಬೇಕಾಗಿಲ್ಲ. ಬಹುಮಂದಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ.

ಬಾಯಿಂದ ಉಣ್ಣಲು ಅನುಮತಿ ದೊರೆತ ಮೇಲೂ ನಮ್ಮ ಸೀಮೆಯ ಒಣ ಜೋಳದ ರೊಟ್ಟಿ, ಮಂಡಕ್ಕಿಗಳು ದೂರವಿರಲಿ. ತಿಳಿಯೂ ಅಗುಳೂ ಬೇರೆಬೇರೆಯಾಗಿ ನಿಲ್ಲುವ ಗಂಜಿಯೂ ಸುರಕ್ಷಿತವಲ್ಲ. ಅಗುಳನ್ನು ಅಗಿಯುವಷ್ಟರಲ್ಲಿ ತಿಳಿ ಗಂಟಲಿಗೆ ಜಾರಿಬಿಡುತ್ತದೆ. ಮೇಲಾಗಿ ಬರಿಯ ಗಂಜಿಯಲ್ಲಿ ಸತ್ವವೂ ಕಡಿಮೆ. ನುಣ್ಣಗೆ ಕಿವುಚಿದ ಅನ್ನ ಬೇಳೆ, ಗಟ್ಟಿ ಮೊಸರು, ಮಂದವಾದ ರಾಗಿ ಅಂಬಲಿ ಇವುಗಳನ್ನು ವೈದ್ಯರು ಹೇಳಿದ ಹದದಲ್ಲಿ ಕೊಡಬಹುದು. ಚಿಕ್ಕ ತುತ್ತನ್ನು ಸ್ವಾಧೀನವಿರುವ ಪಕ್ಕಕ್ಕೆ ಇಡಬೇಕು. ಉಂಡ ಬಳಿಕ ಕೆನ್ನೆಯಲ್ಲಿ ಉಳಿದುದನ್ನು ತೆಗೆದು, ಬಾಯಿಯನ್ನು ಶುಚಿಗೊಳಿಸಿ, ಅರ್ಧ ಗಂಟೆ ಕುಳ್ಳಿರಿಸಬೇಕು.

ಹಿರಿಯರ ಹಾಸಿಗೆಯ ಬಳಿ ನಿಂತ ನಾವು ದಾದಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: “ನುಂಗುವುದನ್ನು ಪರೀಕ್ಷಿಸಿ ಆಯಿತೇ ಅಮ್ಮ?” ಉತ್ತರ ಬರುವವರೆಗೆ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಕಾದಿರುವುದೇ ನಾವು ಮಾಡಬಹುದಾದ ಶುಶ್ರೂಷೆ.